ಹಲ್ಲುಂಟು, ಕಡಲೆ ಇಲ್ಲ

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ನಾವು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇವೆ. ಅದರ ಅರ್ಥ ನಮಗೇ ಮನದಟ್ಟಾದುದು ಒಂದು ಹಳೆಯ ಫಿಲ್ಮ್ ಹೋಲ್ಡರನ್ನು ಕೊಂಡ ತರುವಾಯ.

ಸೂಜಿರಂಧ್ರ ಕ್ಯಾಮರಾ ವಾಚಕರಿಗೆ ಹೊಸತಲ್ಲ. ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆಂದು ತೋರಿಸಲು ಶಿಕ್ಷಕರ ತರಬೇತಿಯಲ್ಲಿ ನಾವೆಲ್ಲ ಅದನ್ನು ರಟ್ಟಿನಿಂದ ಮಾಡಿದವರೇ. ಅದೇ ಪೆಟ್ಟಿಗೆಯನ್ನು ಬೆಳಕು ನುಸುಳದಂತೆ ಮರದಿಂದ ಮಾಡಿ, ಹಿಂಬದಿಗೆ 4 ಅಂಗುಲಕ್ಕೆ 5 ಅಂಗುಲದ ಫಿಲ್ಮ್ ಇರಿಸಿದರೆ ದೊಡ್ಡ ಅಳತೆಯ ಛಾಯಾಚಿತ್ರ ಲಭಿಸುತ್ತದೆ. ಮಸೂರದ ಅಗತ್ಯವೇ ಇಲ್ಲ. ರಂಧ್ರಕ್ಕೂ ಫಿಲ್ಮಿಗೂ 100 ಮಿಲಿಮೀಟರ್ ಅಂತರವಿದ್ದರೆ ರಂಧ್ರದ ವ್ಯಾಸ ಸುಮಾರು 0.45 ಮಿಲಿಮೀಟರ್ ಇದ್ದರೆ ಸಾಕು.

ಆದರೆ ಚಿತ್ರ ಮೂಡಿತೋ ಇಲ್ಲವೋ ಎಂದು ತಿಳಿಯಲು ಕತ್ತಲೆಕೋಣೆ ಬೇಕು. ಈ ಕಷ್ಟವನ್ನು ನೀಗಿಸಿದ್ದು ಪೊಲರಾಯ್ಡ್ ಫಿಲ್ಮು. 1943ರಲ್ಲಿ ಅಮೆರಿಕದ ಎಡ್ವಿನ್ ಲ್ಯಾಂಡ್ ಅವರ ಮೂರು ವರ್ಷದ ಮಗಳು, ತೆಗೆದ ಚಿತ್ರವನ್ನು ಆಗಲೇ ಏಕೆ ನೋಡಲಾಗದೆಂದು ಕೇಳಿದಳಂತೆ. ಆ ಪ್ರಶ್ನೆಗೆ ಉತ್ತರವನ್ನು ಲ್ಯಾಂಡ್ 1947ರಲ್ಲಿ ಪ್ರದರ್ಶಿಸಿದರು. ಮುಂದೆ 4×5 ಕ್ಯಾಮರಾಗಳಿಗೂ ಇಂಥ ಫಿಲ್ಮು ಬಂದಿತು. ಹಾಳೆಯನ್ನು ಎಳೆದಾಗ ಉರುಳೆಗಳ ನಡುವೆ ರಾಸಾಯನಿಕದ ಚೀಲ ಒಡೆದು, ದ್ರವ ಎರಡು ಪದರಗಳ ನಡುವೆ ಹರಡುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಪದರಗಳನ್ನು ಬೇರ್ಪಡಿಸಿದರೆ ಚಿತ್ರ ಸಿದ್ಧ!

ಈ ಸುಗ್ಗಿ ಬಹುಕಾಲ ಉಳಿಯಲಿಲ್ಲ. ಡಿಜಿಟಲ್ ಕ್ಯಾಮರಾ ಬಂದು ಬೇಡಿಕೆ ಕುಸಿಯಿತು. 2008ರಲ್ಲಿ ಪೊಲರಾಯ್ಡ್ ಸಂಸ್ಥೆ ತತ್‌ಕ್ಷಣದ ಫಿಲ್ಮಿನ ತಯಾರಿಕೆಯನ್ನು ನಿಲ್ಲಿಸುವುದಾಗಿ ಸಾರಿತು. ಜಪಾನಿನ ಫ್ಯೂಜಿಫಿಲ್ಮ್ ಸಂಸ್ಥೆ ಎಫ್‌ಪಿ-100ಸಿ ಎಂಬ ತನ್ನ ಸಣ್ಣ ಪ್ಯಾಕಿಗೂ 2016ರಲ್ಲಿ ವಿದಾಯ ಹೇಳಿತು. 4×5 ಅಳತೆಯದು ಅದಕ್ಕೂ ಮೊದಲೇ ನಿಂತಿತ್ತು. ಸಾರ್ವಜನಿಕರ ಹಣದಿಂದ 2014ರಲ್ಲಿ ಆರಂಭವಾದ ‘ನ್ಯೂ55’ ಪ್ರಯತ್ನವೂ 2017ರ ಕೊನೆಗೆ ಮುಗಿಯಿತು.

ಇದನ್ನೆಲ್ಲ ವಿಚಾರಿಸದೆಯೇ ನಾವು, ಹೋಲ್ಡರ್ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿ, ಅವಧಿ ಮೀರಿದ ಫಿಲ್ಮಿನೊಡನೆ ಕೊಂಡುಬಿಟ್ಟೆವು. ಅಂಗಳದಲ್ಲಿ ಮಕ್ಕಳು ಸುತ್ತ ನೆರೆದರು. ಪದರ ಬಿಡಿಸಿದರೆ ಕಂದು ಬಣ್ಣದ ಗೆರೆಗಳಲ್ಲದೆ ಏನೂ ಇಲ್ಲ. ಚೀಲದೊಳಗಿನ ದ್ರವ ಎಂದೋ ಒಣಗಿತ್ತು. “ಮಾಷ್ಟ್ರೇ, ಪಟ ಎಲ್ಲಿಗೆ ಹೋಯಿತು?” ಎಂದು ಐದನೆಯ ತರಗತಿಯ ಬಾಲಕಿಯೊಬ್ಬಳು ಕೇಳಿದಳು. ಲ್ಯಾಂಡರ ಮಗಳ ಪ್ರಶ್ನೆಯಿಂದ ಹುಟ್ಟಿದ ಫಿಲ್ಮು ಈ ಹುಡುಗಿಯ ಪ್ರಶ್ನೆಯ ಮುಂದೆ ಮೂಕವಾಗಿತ್ತು. ನಾವೂ ಮೂಕರಾದೆವು.

ಆದುದರಿಂದ, ಈ ಹವ್ಯಾಸಕ್ಕೆ ಕೈಹಾಕುವವರಲ್ಲಿ ನಮ್ಮ ವಿನಂತಿ ಇಷ್ಟೆ: ಮೊದಲು ಫಿಲ್ಮನ್ನು ವಿಚಾರಿಸಿರಿ, ಬಳಿಕ ಸಲಕರಣೆಯನ್ನು ಕೊಳ್ಳಿರಿ. ಪೊಲರಾಯ್ಡ್ 545 ಹೋಲ್ಡರ್ ಬಿಡಿ ಹಾಳೆಗಳಿಗೆ, 405 ಸಣ್ಣ ಪ್ಯಾಕಿಗೆ ರಚಿತವಾದವು. ಎರಡೂ ಗಟ್ಟಿಮುಟ್ಟು, ಆದರೆ ಅವುಗಳ ಫಿಲ್ಮನ್ನು ದೊಡ್ಡ ಕಾರ್ಖಾನೆಗಳಾವುವೂ ಈಗ ತಯಾರಿಸುತ್ತಿಲ್ಲ.

ಇಂದು ತಯಾರಾಗುತ್ತಿರುವುದರಲ್ಲಿ ಫ್ಯೂಜಿಯ ಇನ್‌ಸ್ಟ್ಯಾಕ್ಸ್ ವೈಡ್ ಫಿಲ್ಮು ಅನುಕೂಲ. ಅದನ್ನು 4×5 ಕ್ಯಾಮರಾಕ್ಕೆ ಜೋಡಿಸಲು 2020ರಲ್ಲಿ ಲೋಮೋಗ್ರಾಫಿ ಸಂಸ್ಥೆ ‘ಲೋಮೋಗ್ರಾಫ್ಲಾಕ್’ ಎಂಬ ಹಿಂಬದಿಯನ್ನು ಹೊರತಂದಿತು. ಇದು ದಪ್ಪವಾದುದರಿಂದ ಸ್ಪ್ರಿಂಗಿನಡಿ ತೂರುವುದಿಲ್ಲ. ಪೆಟ್ಟಿಗೆಗೆ ಗ್ರಾಫ್ಲಾಕ್ ಬಗೆಯ ಕೊಂಡಿಗಳಿರಬೇಕು. ಚಿತ್ರವೂ 62×99 ಮಿಲಿಮೀಟರ್ ಮಾತ್ರ. ಫಿಲ್ಮು ತುಸು ಹಿಂದಕ್ಕೆ ಕುಳಿತರೂ ಸೂಜಿರಂಧ್ರಕ್ಕೆ ಫೋಕಸಿನ ಹಂಗಿಲ್ಲವಾದ್ದರಿಂದ ಚಿಂತೆಯಿಲ್ಲ. ಅದರ ವೇಗ ಐಎಸ್ಒ 800. ಹಳೆಯ 100ರ ಫಿಲ್ಮಿಗೆ ಬಿಸಿಲಿನಲ್ಲಿ ಸುಮಾರು ಎರಡು ಸೆಕೆಂಡು ಬೇಕಿದ್ದರೆ, ಇದಕ್ಕೆ ಕಾಲು ಸೆಕೆಂಡು ಸಾಕು. ಅಷ್ಟು ಬೇಗ ಮುಚ್ಚಳ ತೆರೆದು ಮುಚ್ಚಲು ಕೈಗೆ ಸಾಧ್ಯವಿಲ್ಲ. ನೆರಳಿನಲ್ಲಿ ತೆಗೆಯುವುದೇ ಲೇಸು.

ಅಷ್ಟು ಖರ್ಚು ನಮ್ಮ ಶಾಲೆಗೆ ಎಟುಕದು. ನಾವೀಗ ಪೆಟ್ಟಿಗೆಯಲ್ಲಿ ಫೋಟೋ ಕಾಗದವನ್ನು ಇಡುತ್ತೇವೆ. ಬಿಸಿಲಿನಲ್ಲಿ ಸುಮಾರು ಅರ್ಧ ನಿಮಿಷ ಬೇಕು. ಮಕ್ಕಳು ಒಂದರಿಂದ ಮೂವತ್ತರವರೆಗೆ ಒಕ್ಕೊರಲಿನಿಂದ ಎಣಿಸುತ್ತಾರೆ. ಉಗ್ರಾಣದ ಕೋಣೆಯಲ್ಲಿ ಕೆಂಪು ದೀಪದಡಿ ಕಾಗದವನ್ನು ದ್ರಾವಣಕ್ಕೆ ಇಳಿಸಿದರೆ ಕಪ್ಪು-ಬಿಳುಪು ಅದಲುಬದಲಾದ ಚಿತ್ರ ಮೆಲ್ಲನೆ ಮೇಲೇಳುತ್ತದೆ. ಮೊನ್ನೆ ಹಾಗೆ ಮೂಡಿದುದು ಶಾಲೆಯ ಹಿಂದಿನ ಹಲಸಿನ ಮರ.

“ಪಟ ಬಂತು ಮಾಷ್ಟ್ರೇ!” ಎಂದು ಮೊದಲು ಕೂಗಿದವಳು ಅದೇ ಬಾಲಕಿ. ಕೊಂಡ ಹೋಲ್ಡರ್ ಮಾತ್ರ ಇನ್ನೂ ನಮ್ಮ ಕಪಾಟಿನಲ್ಲಿದೆ, ಗಾದೆಯನ್ನು ವಿವರಿಸುವ ದಿನ ಹೊರಗೆ ಬರುತ್ತದೆ.