ಆಮ್ಲರೇಖಾಚಿತ್ರಗಳಲ್ಲಿ ಪಾಠಭೇದ

ಓಲೆಗರಿಯ ಮೇಲೆ ಕಂಟದಿಂದ ಕೊರೆದ ಅಕ್ಷರಗಳು ಮಸಿಯನ್ನು ಬಳಿದು ಒರೆಸಿದ ಬಳಿಕ ಸ್ಫುಟವಾಗುವುವೆಂಬುದು ಹಸ್ತಪ್ರತಿಶೋಧಕರಿಗೆ ವಿದಿತವೇ ಆಗಿದೆ. ಮಸಿಯು ಮೇಲ್ಮೈಯಿಂದ ತೊಲಗಿ ತಗ್ಗಿನಲ್ಲಿ ನಿಲ್ಲುವುದು. ಐರೋಪ್ಯರು ಎಚಿಂಗ್ ಎಂದು ಕರೆಯುವ ಚಿತ್ರಮುದ್ರಣಕ್ಕೂ ಇದೇ ಆಧಾರವು; ಆದರೆ ಅಲ್ಲಿ ಲೋಹವನ್ನು ಕೊರೆಯುವ ಕಾರ್ಯವು ಆಮ್ಲದ್ದು.

ಅದರ ಕ್ರಮವಿಂತಿದೆ: ನುಣುಪಾಗಿ ಉಜ್ಜಿದ ತಾಮ್ರದ ತಗಡಿಗೆ ಮೇಣ, ರಾಳ ಮೊದಲಾದವುಗಳ ತೆಳುವಾದ ಲೇಪವನ್ನು ಕೊಟ್ಟು ಹೊಗೆಯಿಂದ ಕಪ್ಪಾಗಿಸುವರು. ಚಿತ್ರಕಾರನು ಸೂಜಿಯಿಂದ ಲೇಪವನ್ನು ಗೀರಿ ಲೋಹವನ್ನು ತೆರೆಯುವನು. ತಗಡನ್ನು ಆಮ್ಲದಲ್ಲಿಟ್ಟರೆ ತೆರೆದ ಗೆರೆಗಳನ್ನು ಮಾತ್ರ ಅದು ತಿನ್ನುವುದು. ನವುರಾಗಿರಬೇಕಾದ ಗೆರೆಗಳನ್ನು ಬೇಗನೆ ವಾರ್ನಿಷಿನಿಂದ ಮುಚ್ಚಿ, ಉಳಿದವನ್ನು ಮರಳಿ ಆಮ್ಲಕ್ಕೊಡ್ಡಿದರೆ ಅವು ಆಳವಾಗಿ, ಅಚ್ಚಿನಲ್ಲಿ ಗಾಢವಾಗುವುವು. ಕಡೆಗೆ ಲೇಪವನ್ನು ಕಳೆದು, ಮಸಿಯನ್ನು ತುಂಬಿ, ಮೇಲ್ಮೈಯನ್ನು ಒರೆಸಿ, ತೇವದ ಕಾಗದವನ್ನು ಹೊದಿಸಿ ಉರುಳೆಗಳ ನಡುವೆ ಒತ್ತುವರು. ಚಿತ್ರವು ಎಡಬಲ ಪಲ್ಲಟವಾಗಿ ಮೂಡುವುದು. ಕವಚಗಳ ಅಲಂಕಾರಕ್ಕಿದ್ದ ಈ ವಿದ್ಯೆಯನ್ನು ಕಾಗದದ ಮುದ್ರಣಕ್ಕೆ ತಿರುಗಿಸಿದವರಲ್ಲಿ ಆಗ್ಸ್‌ಬರ್ಗ್ ನಗರದ ಡೇನಿಯಲ್ ಹಾಪ್ಫರನು (ಮರಣ 1536) ಮೊದಲಿಗನೆಂದು ಗಣಿತನಾಗಿದ್ದಾನೆ. ಅವನ ಫಲಕಗಳು ಕಬ್ಬಿಣದವು.

ಸಾಹಿತ್ಯಜ್ಞರಿಗೆ ವಿಚಾರಾರ್ಹವಾದ ಅಂಶವು ಮುಂದಿನದು. ದಾನಶಾಸನದ ತಾಮ್ರಪಟವು ಆಚಂದ್ರಾರ್ಕವಾಗಿ ನಿಲ್ಲಲೆಂದು ಬರೆದುದು. ಮುದ್ರಣದ ತಾಮ್ರಫಲಕವಾದರೋ ಸದಾ ತಿದ್ದುಪಡಿಗೆ ಒಳಗಾಗತಕ್ಕುದು. ಗೆರೆಗಳನ್ನು ಉಜ್ಜಿ ಅಳಿಸಬಹುದು, ಹೊಸತನ್ನು ಕೊರೆಯಬಹುದು. ಹೀಗೆ ಮಾರ್ಪಟ್ಟ ಒಂದೊಂದು ಸ್ಥಿತಿಗೂ 'ಅವಸ್ಥೆ' ಎಂಬ ಹೆಸರು ಸಲ್ಲುವುದು.

ಹಾಲೆಂಡಿನ ರೆಂಬ್ರಾಂಟನು (1606–1669) ಹರ್ಕ್ಯುಲಿಸ್ ಸೇಘರ್ಸನೆಂಬ ಚಿತ್ರಕಾರನ ಫಲಕವೊಂದನ್ನು ಪಡೆದನು. ಅದರಲ್ಲಿದ್ದುದು ಟೋಬಿಯಸ್ ಮತ್ತು ದೇವದೂತ. 1653ರ ಸುಮಾರಿಗೆ ಅವನು ಆ ಮೂರ್ತಿಗಳನ್ನು ಅಳಿಸಿ, ಶಿಶುಯೇಸುವಿನೊಡನೆ ಈಜಿಪ್ಟಿಗೆ ಪಲಾಯನಮಾಡುವ ಮೇರಿ ಜೋಸೆಫರನ್ನು ಕೊರೆದನು. ದೂರದ ಭೂದೃಶ್ಯವನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿದನು. ದೇವದೂತನ ರೆಕ್ಕೆಯ ಗೆರೆಗಳು ಮರಗಳ ನಡುವೆ ಇಂದಿಗೂ ಕಾಣುವುವು. ಆ ಗೆರೆಗಳಿಗೆ ಅರ್ಥವು ದೊರೆಯುವುದು ಸೇಘರ್ಸನ ಕಾಲದ ಪ್ರತಿಯೊಡನೆ ಹೋಲಿಸಿದಾಗಲೇ.

ರೆಂಬ್ರಾಂಟನ ಫಲಕಕ್ಕೂ ಇಂಥ ಗತಿಯೇ ಒದಗಿತು. ಯೇಸುವು ರೋಗಿಗಳನ್ನು ಗುಣಪಡಿಸುವ, 1648ರ ಸುಮಾರಿನ 'ನೂರು ಗಿಲ್ಡರ್ ಚಿತ್ರ'ದ ಸವೆದ ಫಲಕವನ್ನು ಕ್ಯಾಪ್ಟನ್ ವಿಲಿಯಮ್ ಬೇಲಿ ಎಂಬವನು ಪಡೆದು, 1775ರಲ್ಲಿ ತನ್ನ ಕೈಯಿಂದ ತಿದ್ದಿ ಅಚ್ಚುಹಾಕಿಸಿದನು. ಅನಂತರ ಅದನ್ನು ನಾಲ್ಕು ತುಂಡುಗಳಾಗಿ ಕತ್ತರಿಸಿ ಬೇರೆಬೇರೆಯಾಗಿ ಮುದ್ರಿಸಿದನು.

ಲಿಪಿಕಾರನು ತಪ್ಪಿದರೆ ಅವನ ಪ್ರತಿಯೊಂದೇ ಕೆಡುವುದು. ಎದುರಿಗಿದ್ದ ಮಾತೃಕೆಗೆ ಹಾನಿಯಿಲ್ಲ. ಇಲ್ಲಿ ಮಾತೃಕೆಯೇ ಮಾರ್ಪಡುವುದರಿಂದ ಕರ್ತೃವಿನ ಪಾಠವು ಮೊದಲಿನ ಪ್ರತಿಗಳಲ್ಲಿ ಮಾತ್ರ ಉಳಿಯುವುದು. ಆದುದರಿಂದ ಆಮ್ಲರೇಖಾಚಿತ್ರವು ಯಾರದೆಂದು ಕೇಳುವುದರ ಜೊತೆಗೆ, ಯಾವ ಅವಸ್ಥೆಯದೆಂದೂ ಆ ಅವಸ್ಥೆಯು ಯಾರ ಕೈಯಿಂದ ಆದುದೆಂದೂ ನಿರ್ಣಯಿಸಬೇಕು. ಆ ನಿರ್ಣಯವಾಗದೆ ಬೇಲಿಯ ಗೆರೆಗಳಿಂದ ರೆಂಬ್ರಾಂಟನ ಶೈಲಿಯನ್ನು ವಿವೇಚಿಸುವುದು, ಪ್ರಕ್ಷಿಪ್ತ ಪದ್ಯಗಳಿಂದ ಕವಿಯ ಗುಣದೋಷಗಳನ್ನು ಅಳೆದಂತೆಯೇ ಸರಿ.