ಉಪ್ಪಿನ ಭರಣಿ ಮತ್ತು ಸೋಮವಾರದ ಸರ್ವರ್

ಅಬುಧಾಬಿಯಲ್ಲಿ 5 ಗಿಗಾವಾಟ್ ಸಾಮರ್ಥ್ಯದ ಎಐ ಡೇಟಾ ಸೆಂಟರ್ ಸಮುಚ್ಚಯ ಕಟ್ಟುವ ಸುದ್ದಿ 2025ರ ಮೇ ತಿಂಗಳಲ್ಲಿ ಬಂತು. ಅದೇ ತಿಂಗಳ 24ರಂದು ಅದೇ ಎಮಿರೇಟಿನ ಸ್ವೈಹಾನ್‌ನಲ್ಲಿ ಉಷ್ಣಾಂಶ 51.6 ಡಿಗ್ರಿ ಮುಟ್ಟಿತು. ಎರಡನ್ನೂ ಓದಿದ ಓದುಗರೊಬ್ಬರ ಪ್ರಶ್ನೆ: 'ಆ ಬಿಸಿಲಲ್ಲಿ ಸರ್ವರ್‌ಗಳು ಬಾಳುತ್ತವೆಯೇ?'

ಬಾಳುತ್ತವೆ. ಶಾಖ ಹೇಳಿಯೇ ಬರುವ ಶತ್ರು. ಒಳಗಿನ ಸೆನ್ಸರ್‌ಗಳು ಅದನ್ನು ಕ್ಷಣಕ್ಷಣವೂ ಅಳೆಯುತ್ತವೆ. ಬಿಸಿ ಏರಿದರೆ ಫ್ಯಾನ್ ಜೋರಾಗುತ್ತದೆ, ಪ್ರೊಸೆಸರ್ ನಿಧಾನವಾಗುತ್ತದೆ, ಕೊನೆಗೆ ಯಂತ್ರ ತಾನೇ ಆರಿ ಲಾಗ್‌ನಲ್ಲಿ ಕಾರಣ ಬರೆದಿಡುತ್ತದೆ. ಕೊಲ್ಲಿಯ ಕರಾವಳಿಯಲ್ಲಿ ನಾನು ಹೆದರುವುದು ತೇವಕ್ಕೆ.

ಆಗಸ್ಟ್ ರಾತ್ರಿ ದುಬೈಯಲ್ಲಿ ಎಸಿ ಕಾರಿನಿಂದ ಇಳಿದವರ ಕನ್ನಡಕ ತಕ್ಷಣ ಮಂಜಾಗುತ್ತದೆ. ಅಲ್ಲಿನ ಗಾಳಿಯ ಇಬ್ಬನಿ ಬಿಂದು 28 ಡಿಗ್ರಿಯ ಆಸುಪಾಸಿಗೆ ಬರುವುದುಂಟು. ಅದಕ್ಕಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ನೀರು ಕೂರುತ್ತದೆ. ತಂಪು ಗೋದಾಮಿನಿಂದ ಹೊರಬಂದ ಸರ್ವರ್‌ಗೂ ಇದೇ ಗತಿ. ಅದಕ್ಕೇ ಅನುಭವಸ್ಥರು ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ, ಅದು ಕೋಣೆಯ ಉಷ್ಣಾಂಶಕ್ಕೆ ಬರುವ ತನಕ ಕಾಯುತ್ತಾರೆ.

ನೀರು ಕೂರದಿದ್ದರೂ ಅಪಾಯ ಉಂಟು. ನಮ್ಮ ದಕ್ಷಿಣ ಕನ್ನಡದ ಅಡುಗೆಮನೆಯ ಉಪ್ಪಿನ ಭರಣಿಯನ್ನು ನೆನೆಯಿರಿ. ಮಳೆಗಾಲದಲ್ಲಿ ಯಾರೂ ನೀರು ಹಾಕದೆಯೇ ಹರಳುಪ್ಪು ನೀರೊಡೆಯುತ್ತದೆ. ಶುದ್ಧ ಸೋಡಿಯಂ ಕ್ಲೋರೈಡ್ ಹಾಗಾಗಲು ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 75 ದಾಟಬೇಕು. ಸಮುದ್ರದ ಉಪ್ಪಿನಲ್ಲಿ ಬೆರೆತ ಮೆಗ್ನೀಷಿಯಂ ಕ್ಲೋರೈಡಿಗೆ ಶೇ. 33 ಸಾಕು! ಹರಳುಪ್ಪು ಪುಡಿಯುಪ್ಪಿಗಿಂತ ಬೇಗ ಒದ್ದೆಯಾಗುವುದು ಇದರಿಂದಲೇ. ದುಬೈಯ ಧೂಳಿನಲ್ಲಿ ಮರಳಿನ ಜೊತೆ ಈ ಸಮುದ್ರದ ಉಪ್ಪೂ ಇದೆ. ಒಣಗಿದ್ದಾಗ ಅದು ಬರೀ ಧೂಳು. ತೇವ ಹೀರಿದರೆ ವಿದ್ಯುತ್ ಹರಿಸುವ ಪೊರೆ. ಡಿಡಿಆರ್4 ರ್‍ಯಾಮ್‌ನ ಅಂಚಿನಲ್ಲಿ 288 ಚಿನ್ನಲೇಪಿತ ಪಟ್ಟಿಗಳಿವೆ. ಒಂದರ ನಡುವಿನಿಂದ ಪಕ್ಕದ್ದರ ನಡುವಿಗೆ 0.85 ಮಿಲಿಮೀಟರ್. ಅಷ್ಟು ದೂರ ಹಬ್ಬಲು ಆ ಪೊರೆಗೆ ಎಷ್ಟು ಹೊತ್ತು ಬೇಕು?

ದುಬೈಯ ದೇರಾದ ಒಂದು ಸಣ್ಣ ಕಚೇರಿಯಲ್ಲಿ ಇದನ್ನು ಕಣ್ಣಾರೆ ಕಂಡೆ. ಸರ್ವರ್‌ನ ಲಾಗ್‌ನಲ್ಲಿ ಮೆಮೊರಿ ದೋಷಗಳ ಸಾಲು; ಎಲ್ಲವನ್ನೂ ಸರ್ವರ್ ತಾನೇ ತಿದ್ದಿಕೊಂಡಿತ್ತು. ಹೀಗೆ ತಿದ್ದುವ ವಿದ್ಯೆ ರಿಚರ್ಡ್ ಹ್ಯಾಮಿಂಗ್ ಅವರ ಕೊಡುಗೆ. 1947ರಲ್ಲಿ ಬೆಲ್ ಪ್ರಯೋಗಾಲಯದ ಯಂತ್ರ, ಅವರು ವಾರಾಂತ್ಯಕ್ಕೆ ಓಡಲು ಬಿಟ್ಟ ಲೆಕ್ಕವನ್ನು ದೋಷ ಕಂಡ ಕೂಡಲೇ ಕೈಬಿಟ್ಟಿತ್ತು. ಮುಂದಿನ ವಾರವೂ ಅದೇ ಕತೆ. ತಪ್ಪಾಗಿದೆ ಎಂದು ಗೊತ್ತಾಗುವ ಯಂತ್ರಕ್ಕೆ ಎಲ್ಲಿ ತಪ್ಪಾಗಿದೆ ಎಂದು ಏಕೆ ಗೊತ್ತಾಗಬಾರದು? ಆ ಸಿಟ್ಟಿನಿಂದ ಹುಟ್ಟಿದ ಸಂಕೇತ 1950ರಲ್ಲಿ ಪ್ರಕಟವಾಯಿತು. ಇಂದಿನ ಸರ್ವರ್‌ಗಳ ಇಸಿಸಿ ಮೆಮೊರಿಯ ಮೂಲ ಅದೇ.

ಅಲ್ಲಿನ ಹುಡುಗ ರ್‍ಯಾಮ್ ಕಿತ್ತು ಮತ್ತೆ ಸಿಕ್ಕಿಸಿದ. 'ಸರಿಯಾಯ್ತು ಅಣ್ಣ' ಎಂದ. ಮುಂದಿನ ವಾರ ದೋಷ ಮರಳಿತು. ಕಿತ್ತು ಸಿಕ್ಕಿಸುವಾಗ ಪಟ್ಟಿ ಉಜ್ಜಿ ತುಸು ಶುಚಿಯಾಗುತ್ತದೆ. ಕಾರಣ ಮಾತ್ರ ಅಡಗಿಬಿಡುತ್ತದೆ. ಆಮೇಲೆ ಪಕ್ಕದ ಸ್ಲಾಟಿನ ರ್‍ಯಾಮ್‌ನೊಂದಿಗೆ ಅದಲುಬದಲು ಮಾಡಿದೆವು, ಬೇರೇನನ್ನೂ ಮುಟ್ಟಲಿಲ್ಲ. ದೋಷ ರ್‍ಯಾಮ್‌ನ ಹಿಂದೆ ಹೋದರೆ ರ್‍ಯಾಮ್ ಕೆಟ್ಟಿದೆ. ಇದ್ದಲ್ಲೇ ಇದ್ದರೆ ಸ್ಲಾಟನ್ನೋ ಬೋರ್ಡನ್ನೋ ನೋಡಬೇಕು. ದೋಷ ಇದ್ದಲ್ಲೇ ಇತ್ತು. ಟಾರ್ಚ್ ಹಾಕಿದರೆ ಸ್ಲಾಟಿನ ತುದಿಯಲ್ಲಿ ಗಾರೆಯಂತೆ ಗಟ್ಟಿಯಾದ ಬೂದು ಧೂಳು.

ಆದರೆ ನಿಜವಾದ ಸುಳಿವು ಸಿಕ್ಕಿದ್ದು ಲಾಗ್‌ನ ಸಮಯದಲ್ಲಿ. ದೋಷಗಳೆಲ್ಲ ಸೋಮವಾರ ಬೆಳಿಗ್ಗೆಯವು. ಮಧ್ಯಾಹ್ನದ ಹೊತ್ತಿಗೆ ಮಾಯ. ಕರೆಂಟ್ ಉಳಿಸಲು ಶನಿವಾರ, ಭಾನುವಾರ ಸರ್ವರನ್ನೂ ಎಸಿಯನ್ನೂ ಆರಿಸುತ್ತಿದ್ದರು. ಎರಡು ದಿನ ಧೂಳು ತೇವ ಕುಡಿಯುತ್ತಿತ್ತು. ಸೋಮವಾರ ಯಂತ್ರ ಬಿಸಿಯಾಗಿ ಅದನ್ನು ಒಣಗಿಸುತ್ತಿತ್ತು. ಸ್ಲಾಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ವಾರಾಂತ್ಯವೂ ಎಸಿ ಓಡಲು ಬಿಟ್ಟೆವು. ಮುಂದಿನ ಸೋಮವಾರ ಲಾಗ್ ಖಾಲಿ ಇತ್ತು.