ಮರೆವು ಹಿಡಿದ ನೆಟ್‌ವರ್ಕ್ ಕಾರ್ಡಿಗೆ ಮದ್ದುಂಟು

ತಂತಿ ಸರಿಯಾಗಿದೆ, ವಿದ್ಯುತ್ತೂ ಇದೆ; ಆದರೂ ಗಣಕಯಂತ್ರವು ತನ್ನಲ್ಲಿ ನೆಟ್‌ವರ್ಕ್ ಕಾರ್ಡೇ ಇಲ್ಲವೆಂದು ಹಟ ಹಿಡಿಯುವುದುಂಟು. ರಿಪೇರಿಗೆ ಒಯ್ದರೆ ಬೋರ್ಡನ್ನೇ ಬದಲಿಸಿ ಎಂದು ಹೇಳಿಬಿಡುತ್ತಾರೆ. ಸಾವಿರಾರು ರೂಪಾಯಿಯ ಮಾತು. ಸುಟ್ಟುಹೋದ ಕಾರ್ಡು ಬೇರೆ, ಮರೆವು ಹಿಡಿದ ಕಾರ್ಡು ಬೇರೆ ಎಂಬುದನ್ನು ಹಣ ತೆರುವ ಮೊದಲು ನಾವು ತಿಳಿದಿರಬೇಕು.

ವಿದ್ಯುತ್ ನಿಂತರೂ ಅಳಿಯದ ಪುಟ್ಟ ಸ್ಮೃತಿಕೋಶವೊಂದು ಇಂಥ ಕಾರ್ಡಿಗಿರುತ್ತದೆ. ಮ್ಯಾಕ್ ವಿಳಾಸವೆಂಬ 48 ಬಿಟ್‌ಗಳ ಗುರುತುಸಂಖ್ಯೆ, ಕೆಲಸ ಮಾಡಲು ಬೇಕಾದ ಇತರ ಸೂಚನೆಗಳು ಅದರಲ್ಲಿರುತ್ತವೆ. ಇಂಟೆಲ್ ಕಂಪೆನಿಯ ಕಾರ್ಡುಗಳಲ್ಲಿ ಮೊದಲ 64 ಪದಗಳನ್ನು ಕೂಡಿಸಿದರೆ ಹದಿನಾರರ ಲೆಕ್ಕದಲ್ಲಿ 'ಬಿಎಬಿಎ' ಬರಬೇಕು. (ಕಂಪೆನಿಯವರಿಗೂ ವಿನೋದಪ್ರಜ್ಞೆ ಇದೆಯೆನ್ನಬೇಕು.) ಮೊತ್ತ ತಪ್ಪಿದರೆ ಡ್ರೈವರ್ ತಂತ್ರಾಂಶವು ಕಾರ್ಡನ್ನು ಮುಟ್ಟುವುದಿಲ್ಲ.

2008ರಲ್ಲಿ ಇದು ದೊಡ್ಡ ಗದ್ದಲವನ್ನೇ ಎಬ್ಬಿಸಿತ್ತು. ಲಿನಕ್ಸ್ 2.6.27ರ ಪರೀಕ್ಷಾರ್ಥ ಆವೃತ್ತಿಗಳನ್ನು ಹಾಕಿಕೊಂಡ ಕೆಲವರ ಗಣಕಗಳಲ್ಲಿ ಇಂಟೆಲ್ 82566, 82567 ಚಿಪ್ಪುಗಳ ಸ್ಮೃತಿ ಕೆಟ್ಟುಹೋಯಿತು. ಎಲ್ಲರೂ ಮೊದಲು ಶಂಕಿಸಿದ್ದು ಕಾರ್ಡಿನ 'ಇ1000ಇ' ಡ್ರೈವರನ್ನು. ನಿಜವಾದ ಅಪರಾಧಿ ಬೇರೆಲ್ಲೋ ಇತ್ತು: ಲಿನಕ್ಸಿನ ಒಳಗಿನ ನಡೆಯನ್ನು ಗಮನಿಸುವ 'ಎಫ್‌ಟ್ರೇಸ್' ಎಂಬ ಸಾಧನ. ಅದು ತಾನು ತಿದ್ದಬೇಕಾದ ಜಾಗಗಳ ಪಟ್ಟಿ ಇಟ್ಟುಕೊಳ್ಳುತ್ತಿತ್ತು. ಅವುಗಳಲ್ಲಿ ಕೆಲವು ತೆರವಾಗಿ, ಅದೇ ವಿಳಾಸ ಕಾರ್ಡಿನ ಸ್ಮೃತಿಗೆ ಹಂಚಿಕೆಯಾದರೂ ಪಟ್ಟಿ ಬದಲಾಗಲಿಲ್ಲ. ಹಳೆಯ ಬಾಡಿಗೆದಾರ ಬಿಟ್ಟುಹೋದ ಮನೆಗೆ ಹೊಸಬರು ಬಂದದ್ದನ್ನು ತಿಳಿಯದೆ ಗೋಡೆ ಕೆಡವಲು ಬಂದ ಮೇಸ್ತ್ರಿಯ ಹಾಗೆ! ಅಕ್ಟೋಬರದಲ್ಲಿ ಬಂದ 2.6.27ರಲ್ಲಿ ಸ್ಮೃತಿಗೆ ಬರಹ ತಡೆಯುವ ಬೀಗ ಹಾಕಿದರು, ಬಳಿಕ 2.6.27.1ರಲ್ಲಿ ಆ ಸಾಧನದ ತಿದ್ದುವ ಭಾಗವನ್ನೇ ಮುಚ್ಚಿದರು.

ಇನ್ನು ಚಿಕಿತ್ಸೆ. ಕಾರ್ಡು ಚೆನ್ನಾಗಿರುವಾಗಲೇ ಲಿನಕ್ಸಿನ 'ಈಥ್‌ಟೂಲ್' ಎಂಬ ಸಲಕರಣೆಯಿಂದ ಸ್ಮೃತಿಯ ನಕಲು ತೆಗೆದು ಬೇರೊಂದು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡವರಿಗೆ ಅರ್ಧ ಕಷ್ಟ ತಪ್ಪಿತು. ಜಮೀನಿನ ಆಧಾರಪತ್ರದ ನಕಲನ್ನು ಜೋಪಾನವಾಗಿಡುವ ನಮ್ಮ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಸಲಕರಣೆಯಿಂದ ನಕಲನ್ನು ಮರಳಿ ಬರೆಯಬಹುದು. ತೊಡಕೊಂದಿದೆ: ಮೊತ್ತ ತಪ್ಪಿದ ಕಾರ್ಡನ್ನು ಡ್ರೈವರ್ ಒಪ್ಪದಿರುವುದರಿಂದ ಆ ತಪಾಸಣೆಯನ್ನು ತಾತ್ಕಾಲಿಕವಾಗಿ ಬಿಡುವಂತೆ ಡ್ರೈವರನ್ನು ತಿದ್ದಬೇಕು. ಇದು ಬಲ್ಲವರ ಕೆಲಸ. ಕೆಲವು ಬೋರ್ಡುಗಳಲ್ಲಿ ಕಾರ್ಡಿನ ಸ್ಮೃತಿಯೂ ಬಯಾಸ್ ತಂತ್ರಾಂಶವೂ ಒಂದೇ ಚಿಪ್ಪಿನಲ್ಲಿರುವುದರಿಂದ ಬಯಾಸನ್ನು ಮತ್ತೆ ಬರೆದು ನೋಡುವುದೂ ಒಂದು ದಾರಿ. ನಡುವೆ ಕರೆಂಟು ಹೋದರೆ ಮಾತ್ರ ಇದ್ದದ್ದೂ ಹೋಯಿತು!

ನಕಲಿಲ್ಲದವರು ಅದೇ ಮಾದರಿಯ ಇನ್ನೊಂದು ಗಣಕದಿಂದ ನಕಲು ಪಡೆಯಬಹುದು. ಆದರೆ ಅದರೊಡನೆ ಆ ಗಣಕದ ಗುರುತುಸಂಖ್ಯೆಯೂ ಬರುತ್ತದೆ. ಒಂದೇ ಸಂಖ್ಯೆಯ ಎರಡು ಯಂತ್ರಗಳು ಒಂದೇ ಜಾಲದಲ್ಲಿದ್ದರೆ ಎರಡಕ್ಕೂ ತೊಂದರೆ. ಆದ್ದರಿಂದ ನಮ್ಮ ಸ್ವಂತ ಸಂಖ್ಯೆಯನ್ನೇ ತುಂಬಿ, ಮೊತ್ತವನ್ನೂ ಸರಿಪಡಿಸಬೇಕು. ಆ ಸಂಖ್ಯೆ ಅನೇಕ ವೇಳೆ ಬೋರ್ಡಿನ ಮೇಲೆ, ಇಲ್ಲವೆ ಲ್ಯಾಪ್‌ಟಾಪಿನ ತಳದಲ್ಲಿ ಅಂಟಿಸಿದ ಚೀಟಿಯಲ್ಲಿರುತ್ತದೆ. ಚೀಟಿ ಮಾಸುವ ಮೊದಲೇ ಬರೆದಿಟ್ಟುಕೊಳ್ಳಿರಿ.